ಎಳೆಗಳೂ ಬೀಗಗಳೂ

ಮನೆಯಲ್ಲಿ ಕುಳಿತೇ ಬ್ಯಾಂಕಿನೊಡನೆ ವ್ಯವಹರಿಸುವ ವಾಚಕರು ಬಹುಮಂದಿ ಇರುವರಷ್ಟೆ. ಅವರ ಗುಟ್ಟಿನ ಅಂಕಿಗಳು ದಾರಿಯಲ್ಲಿ ಪರರಿಗೆ ತಿಳಿಯದಂತೆ ಗೂಢಲಿಪಿಗೆ ತಿರುಗಿಸುವ ಸಿದ್ಧವಿಧಾನಗಳ ಭಂಡಾರಗಳಲ್ಲಿ ‘ಓಪನ್‌ಎಸ್‌ಎಸ್‌ಎಲ್’ ಎಂಬುದು ಪ್ರಸಿದ್ಧವಾದುದು. 1998ರಲ್ಲಿ ಆರಂಭವಾದ ಇದನ್ನು ಅಸಂಖ್ಯ ಪ್ರೋಗ್ರಾಮುಗಳು ಎರವಲಾಗಿ ಬಳಸುತ್ತವೆ.

ದೊಡ್ಡ ಪ್ರೋಗ್ರಾಮು ಏಕಕಾಲದಲ್ಲಿ ಅನೇಕರಿಗೆ ಉತ್ತರ ಕೊಡಬೇಕಾದುದರಿಂದ ತನ್ನ ಕೆಲಸವನ್ನು ಹಲವು ಎಳೆಗಳಾಗಿ ಬಿಡಿಸಿಕೊಳ್ಳುವುದು. ಇವಕ್ಕೆ ಥ್ರೆಡ್ ಎಂದು ಹೆಸರು. ಸಂಸ್ಕೃತದಲ್ಲಿ ತಂತುವೆಂದರೂ ಸಲ್ಲುವುದು. ಎಳೆಗಳು ಹಲವಾದರೂ ಸ್ಮೃತಿಕೋಶ ಒಂದೇ. ತೊಡಕು ಹುಟ್ಟುವುದು ಇಲ್ಲಿಯೇ. ಬ್ಯಾಂಕಿನ ಗುರುತುಪತ್ರವೊಂದನ್ನು ಎಷ್ಟು ಎಳೆಗಳು ಬಳಸುತ್ತಿವೆಯೆಂಬ ಎಣಿಕೆ 2 ಎಂದಿರಲಿ. ಮತ್ತೆರಡು ಎಳೆಗಳು ಒಂದೇ ಕ್ಷಣದಲ್ಲಿ ಬಂದು, ಎರಡೂ 2 ಎಂದು ಓದಿ, ಎರಡೂ 3 ಎಂದು ಬರೆದುವು. ಇರಬೇಕಾದುದು 4! ಮುಂದೆ ಮೂರು ಎಳೆಗಳು ಬಿಟ್ಟುಹೋದೊಡನೆ ಎಣಿಕೆ ಸೊನ್ನೆಯಾಗಿ, ನಾಲ್ಕನೆಯದು ಇನ್ನೂ ಹಿಡಿದಿರುವ ಪತ್ರವೇ ಅಳಿಸಿಹೋಗುವುದು, ಪ್ರೋಗ್ರಾಮು ಕುಸಿಯುವುದು. ಆದುದರಿಂದ ಬೀಗ ಬೇಕು. ಒಳಹೊಕ್ಕ ಎಳೆಯು ಅಗಳಿ ಹಾಕಿಕೊಂಡು ಬರೆಯತಕ್ಕದ್ದು. ಉಳಿದವು ಹೊರಗೆ ಕಾಯತಕ್ಕದ್ದು.

1.0.2 ಆವೃತ್ತಿಯವರೆಗೆ ಈ ಬೀಗವನ್ನು ಒದಗಿಸುವ ಹೊಣೆ ಪ್ರೋಗ್ರಾಮು ಬರೆದವನದಾಗಿದ್ದಿತು. ಅವನು ಮರೆತರೂ ಭಂಡಾರವು ಎಚ್ಚರಿಸುತ್ತಿರಲಿಲ್ಲ. ಗಿರಾಕಿಗಳು ವಿರಳವಾಗಿದ್ದಾಗ ಎಲ್ಲವೂ ಸರಿ. ಸಂದಣಿಯಾದ ದಿನ ಕುಸಿತ, ಅದೂ ಪ್ರತಿಸಲ ಬೇರೊಂದೆಡೆ. ತಪ್ಪು ಕಂಡೊಡನೆ ಕೆಂಪುಗೆರೆ ಎಳೆಯುವ ಉಪಾಧ್ಯಾಯರಿಗೆ ಇಂಥ ಮೌನ ಒಪ್ಪುವಂಥದಲ್ಲ.

2016ರ ಆಗಸ್ಟಿನಲ್ಲಿ ಬಂದ 1.1.0 ಆವೃತ್ತಿಯು ಬೀಗಗಳನ್ನು ತಾನೇ ಹೊಂದಿಸಿಕೊಂಡಿತು. 1.0.2ಕ್ಕೆ ಸಾರ್ವಜನಿಕ ದುರಸ್ತಿಯು 2019ರ ಕೊನೆಗೆ ನಿಂತಿತು. ಆದರೂ ಒಂದೇ ಸಂಪರ್ಕವನ್ನು ಎರಡು ಎಳೆಗಳು ಏಕಕಾಲದಲ್ಲಿ ಮುಟ್ಟದಂತೆ ಕಾಯುವ ಕೆಲಸ ಇಂದಿಗೂ ಪ್ರೋಗ್ರಾಮು ಬರೆಯುವವನದೇ.