ಉತ್ಸವ ಮುಗಿಯಿತು, ಉದ್ಯೋಗವೆಲ್ಲಿ?

ವಿವೇಕಾನಂದರ ಜನ್ಮದಿನವಾದ ಜನವರಿ 12 ಬಂತೆಂದರೆ ಸರಕಾರಕ್ಕೆ ಯುವಕರ ನೆನಪಾಗುತ್ತದೆ. 1985ರಿಂದ ಆ ದಿನವನ್ನು ರಾಷ್ಟ್ರೀಯ ಯುವ ದಿನವೆಂದು ಆಚರಿಸಲಾಗುತ್ತಿದೆ. 2023ರಲ್ಲಿ ರಾಷ್ಟ್ರೀಯ ಯುವಜನೋತ್ಸವ ನಮ್ಮ ಹುಬ್ಬಳ್ಳಿ–ಧಾರವಾಡದಲ್ಲಿಯೇ ನಡೆಯಿತು. ಪ್ರಧಾನಿಗಳು ಬಂದರು, ಭಾಷಣವಾಯಿತು, ಮೆರವಣಿಗೆಯಾಯಿತು. ಯುವಕರು ಹಾಡಿ ಕುಣಿದರೆ ನಮ್ಮ ಆಕ್ಷೇಪಣೆಯೇನಿಲ್ಲ. ಆದರೆ ಚಪ್ಪರ ಬಿಚ್ಚಿದ ಮರುದಿನ ಆ ಹುಡುಗ ಯಾವ ಬಾಗಿಲಿಗೆ ಹೋಗಿ ಕೆಲಸ ಕೇಳಬೇಕು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ದೇಶದ ಮೊದಲ ಯುವ ನೀತಿ 1988ರಲ್ಲಿ ಬಂತು, ಎರಡನೆಯದು 2003ರಲ್ಲಿ, ಮೂರನೆಯದು 2014ರಲ್ಲಿ. ಎರಡನೆಯ ನೀತಿಗೆ 13ರಿಂದ 35 ವಯಸ್ಸಿನವರು ಯುವಕರು. ಮೂರನೆಯದಕ್ಕೆ 15ರಿಂದ 29ರವರು. ವಯಸ್ಸಿನ ಗೆರೆ ಬದಲಾಯಿತು, ಬದುಕು ಬದಲಾಗಲಿಲ್ಲ. ಸರಕಾರದ್ದೇ ಸಮೀಕ್ಷೆಯನ್ನು ನೋಡಿರಿ: 2023–24ರಲ್ಲಿ 15 ವರ್ಷ ಮೇಲ್ಪಟ್ಟ ಎಲ್ಲರನ್ನೂ ಸೇರಿಸಿದರೆ ನಿರುದ್ಯೋಗ ಶೇಕಡಾ 3.2, 15ರಿಂದ 29ರ ವಯಸ್ಸಿನವರಲ್ಲಿ ಶೇಕಡಾ 10.2. ಸಂವಿಧಾನದ 41ನೇ ವಿಧಿ ಕೆಲಸದ ಹಕ್ಕಿನ ಹೆಸರೆತ್ತುತ್ತದೆ ನಿಜ. ಆದರೆ ಅದು ನಿರ್ದೇಶಕ ತತ್ವಗಳ ಸಾಲಿನಲ್ಲಿರುವುದರಿಂದ ಅದನ್ನು ಹಿಡಿದುಕೊಂಡು ಕೋರ್ಟಿನಲ್ಲಿ ಕೆಲಸ ಕೇಳುವಂತಿಲ್ಲ.

ಕೆಲಸ ಕೊಡಲಾರದ ಸರಕಾರ ತರಬೇತಿ ಕೊಡುತ್ತೇನೆನ್ನುತ್ತದೆ. ಗಿರಣಿಯ ಬಂಧುಗಳು ಕಣ್ತೆರೆದು ನೋಡಬೇಕಾದದ್ದು ಇಲ್ಲಿಯೇ. 1947ರ ಕೈಗಾರಿಕಾ ವಿವಾದಗಳ ಕಾಯದೆ ಅಪ್ರೆಂಟಿಸನನ್ನೂ ಕಾರ್ಮಿಕನೆಂದೇ ಎಣಿಸಿತ್ತು. 1961ರ ಅಪ್ರೆಂಟಿಸ್ ಕಾಯದೆ ಬಂದು ಅವನು ಕಾರ್ಮಿಕನಲ್ಲ, ಬರಿಯ ಶಿಕ್ಷಣಾರ್ಥಿ, ಕಾರ್ಮಿಕ ಕಾನೂನು ಅವನಿಗೆ ಅನ್ವಯಿಸದು ಎಂದಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅಂಥ ಅಪ್ರೆಂಟಿಸನನ್ನು ಕಾರ್ಮಿಕ ಎಂಬ ಪದದಿಂದ ಹೊರಗಿಟ್ಟಿದೆ. ಅಪಘಾತವಾದರೆ ಪರಿಹಾರವುಂಟು, ಅಧಿಕಾರಿಯ ಒಪ್ಪಿಗೆಯಿಲ್ಲದೆ ಹೆಚ್ಚು ಹೊತ್ತು ದುಡಿಸುವಂತಿಲ್ಲ. ಈ ಎರಡನ್ನು ಪ್ರತಿಯೊಬ್ಬ ಅಪ್ರೆಂಟಿಸನೂ ತಿಳಿದಿರಲಿ. ಆದರೆ ಕಲಿಕೆ ಮುಗಿದ ಮೇಲೆ ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಕೆಂಬ ನಿರ್ಬಂಧ ಮಾಲೀಕನಿಗಿಲ್ಲ. ನೇಮಕದ ನೀತಿಯನ್ನು ಮಾಲೀಕನೇ ರೂಪಿಸಿಕೊಳ್ಳಲಿ ಎಂದು 2014ರ ತಿದ್ದುಪಡಿ ಹೇಳಿತು. ಕುರಿ ಕಾಯಲು ತೋಳನನ್ನೇ ನೇಮಿಸಿದಂತಾಯಿತು!

ಶಾಲೆಯಲ್ಲಿ ಪಾಸಾದ ಹುಡುಗನನ್ನು ಮೇಲಿನ ತರಗತಿಗೆ ಹತ್ತಿಸುತ್ತಾರೆ. ಇಲ್ಲಿ ಪಾಸಾದವನನ್ನು ಗೇಟಿನ ಹೊರಗೆ ಬಿಟ್ಟು ಹೊಸಬನನ್ನು ಒಳಗೆ ಕರೆಯಬಹುದು. 2016ರ ಯೋಜನೆಯಂತೆ ಅವನ ಭತ್ಯೆಯ ಕಾಲು ಭಾಗವನ್ನು, 1500 ರೂಪಾಯಿಯ ಮಿತಿಯೊಳಗೆ, ಕೇಂದ್ರ ಸರಕಾರವೇ ತುಂಬಿಕೊಟ್ಟಿತು. ದುಡ್ಡು ಪ್ರಜೆಗಳದ್ದು, ದುಡಿಮೆ ಹುಡುಗನದು, ಲಾಭ ಮಾತ್ರ ಮಾಲೀಕನದು. ಅಂಥ ಅಗ್ಗದ ಕೈ ಒಳಗಿರುವಾಗ ಖಾಯಂ ಕೆಲಸಗಾರನ ಜಾಗ ತೆರವಾದರೆ ಅದು ಮತ್ತೆ ತುಂಬೀತೇ? ಮಗನನ್ನು ತೋರಿಸಿ ತಂದೆಯ ಕೂಲಿ ಇಳಿಸುವ ಹಾದಿಯಿದು.

2024ರಲ್ಲಿ ಇನ್ನೊಂದು ಘೋಷಣೆಯಾಯಿತು: ಐದು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ 500 ದೊಡ್ಡ ಕಂಪನಿಗಳಲ್ಲಿ ಇಂಟರ್ನ್‌ಶಿಪ್, ತಿಂಗಳಿಗೆ 5000 ರೂಪಾಯಿ. ಅದರಲ್ಲಿ 4500 ಸರಕಾರದ್ದು, ಕಂಪನಿಯದು 500 ಮಾತ್ರ. ಮೊದಲ ಸುತ್ತಿನಲ್ಲಿ 80 ಸಾವಿರಕ್ಕೂ ಹೆಚ್ಚು ಕರೆಗಳು ಹೋದವು. ಸೇರಿದವರು ಹತ್ತು ಸಾವಿರ ಮುಟ್ಟಲಿಲ್ಲ. ಪರವೂರಿನಲ್ಲಿ ಖೋಲಿ ಬಾಡಿಗೆ ಕೊಟ್ಟು, ಊಟ ಮಾಡಿ, 5000ದಲ್ಲಿ ತಿಂಗಳು ಕಳೆಯುವ ಲೆಕ್ಕವನ್ನು ದಿಲ್ಲಿಯಲ್ಲಿ ಕುಳಿತವರು ಯಾರಾದರೂ ಹಾಕಿ ನೋಡಿದ್ದಾರೆಯೇ?

ರಾಜ್ಯ ಸರಕಾರ 2024ರ ಯುವ ದಿನದಂದು ಶಿವಮೊಗ್ಗದಲ್ಲಿ ಯುವನಿಧಿ ಆರಂಭಿಸಿತು. ನಿರುದ್ಯೋಗಿ ಪದವೀಧರನಿಗೆ 3000, ಡಿಪ್ಲೊಮಾದವನಿಗೆ 1500, ಹೆಚ್ಚೆಂದರೆ ಎರಡು ವರ್ಷ. ಇದನ್ನು ನಾವು ಹೀಗಳೆಯುವುದಿಲ್ಲ. ಬಡವನ ಮನೆಗೆ ಅದೂ ಆಸರೆಯೇ. ಆದರೆ ಹತ್ತನೆಯ ತರಗತಿಗೆ ಓದು ಬಿಟ್ಟ ಕಾರ್ಮಿಕನ ಮಗನಿಗೆ ಅದರಲ್ಲಿ ಪಾಲಿಲ್ಲ. ಎರಡು ವರ್ಷ ಕಳೆದ ಮೇಲೆ ಪದವೀಧರನೂ ಅವನ ಪಕ್ಕದಲ್ಲಿಯೇ ನಿಲ್ಲುತ್ತಾನೆ.

ಇದು ಗಿರಣಿಯವರ ಗೋಳು, ನಮಗೇನು ಎಂದು ಅಂಗಡಿಕಾರ ಬಂಧುಗಳು ತಿಳಿಯಬಾರದು. ಸಂಬಳವಿಲ್ಲದ ಮನೆಯ ಲೆಕ್ಕ ಕೊನೆಗೆ ನಿಮ್ಮ ಉದ್ರಿ ಪುಸ್ತಕದಲ್ಲಿಯೇ ಬಂದು ಕೂಡುತ್ತದೆ. ಊರಿನ ಹುಡುಗನ ಕೈಯಲ್ಲಿ ಕೂಲಿ ಓಡಾಡಿದರೆ ಮಾತ್ರ ನಿಮ್ಮ ತಕ್ಕಡಿ ಏಳುತ್ತದೆ, ಇಳಿಯುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಒಂದು, ಕಲಿಕೆ ಮುಗಿಸಿದ ಅಪ್ರೆಂಟಿಸರಲ್ಲಿ ಇಂತಿಷ್ಟು ಪಾಲನ್ನು ಖಾಯಂ ಮಾಡಿಕೊಳ್ಳಲೇಬೇಕೆಂದು ಕಾಯದೆಯಲ್ಲಿ ಬರೆಯಬೇಕು. ಎರಡು, ಯಂತ್ರದ ಮೇಲೆ ಪೂರ್ಣ ಉತ್ಪಾದನೆಗೆ ನಿಂತವನಿಗೆ ಕನಿಷ್ಠ ಕೂಲಿ ಸಲ್ಲಬೇಕು. ಮೂರು, ಎಷ್ಟು ಅಪ್ರೆಂಟಿಸರಿದ್ದಾರೆ, ಹೋದ ವರ್ಷದವರಲ್ಲಿ ಎಷ್ಟು ಮಂದಿ ಕೆಲಸ ಪಡೆದರು ಎಂಬ ಲೆಕ್ಕವನ್ನು ಪ್ರತಿ ಕಾರ್ಖಾನೆಯೂ ಗೇಟಿನ ಬಳಿ ಬರೆದು ಹಾಕಬೇಕು.

ಮೂರನೆಯದಕ್ಕೆ ಕಾಯದೆಗಾಗಿ ಕಾಯಬೇಕಾಗಿಲ್ಲ. ಸಂಘದ ಹಿರಿಯ ಕಾರ್ಮಿಕರು ಈ ವಾರದಿಂದಲೇ ತಮ್ಮ ಖಾತೆಯ ಅಪ್ರೆಂಟಿಸರ ಹೆಸರು ಬರೆದಿಡಲಿ, ಅವರನ್ನು ಸಭೆಗೆ ಕರೆತರಲಿ. ಕಾಯದೆ ಅವರನ್ನು ಕಾರ್ಮಿಕರಲ್ಲವೆಂದರೆ ಏನಾಯಿತು? ನಾವು ಕಾರ್ಮಿಕರೆನ್ನೋಣ.