ನೆಗಡಿಯೋ? ಫ್ಲೂ ಜ್ವರವೋ?



'ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ' ಎಂಬ ಗಾದೆ ನಿಮಗೆ ಗೊತ್ತೇ ಇದೆ. ಆದರೂ ಮೂಗು ಸೋರುವ ಮಗುವನ್ನು ಕಂಡರೆ 'ನೆಗಡಿ ತಾನೆ, ಹೋಗಿ ಕೂತ್ಕೋ' ಎನ್ನುವುದು ನಮ್ಮೆಲ್ಲರ ರೂಢಿ. ನಾವು ನೆಗಡಿ ಎಂದು ಕರೆಯುವುದೆಲ್ಲ ನೆಗಡಿಯಲ್ಲ. ಇದನ್ನು ನಾನು ಮನಗಂಡದ್ದು ನನ್ನದೇ ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಶಾಲೆಯೊಂದಕ್ಕೆ ಹೋಗಿದ್ದೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಗೋಡೆಗೆ ಒರಗಿ ಕುಳಿತಿದ್ದಳು. ಹಣೆ ಸುಡುತ್ತಿತ್ತು. 'ಮನೆಗೆ ಹೋಗಮ್ಮ' ಎಂದೆ. 'ಬೇಡ ಸಾರ್, ಹಾಜರಾತಿ ಬಹುಮಾನ ತಪ್ಪುತ್ತೆ' ಎಂದಳು. ನಾನೇನು ಮಾಡಿದೆ ಗೊತ್ತೆ? ಎಲ್ಲರ ಮುಂದೆ ಅವಳನ್ನು ಹೊಗಳಿದೆ! ಮುಂದಿನ ವಾರ ಆ ತರಗತಿಯ ಅರ್ಧದಷ್ಟು ಮಕ್ಕಳು ಹಾಸಿಗೆ ಹಿಡಿದಿದ್ದರು. ಅವಳಿಂದಲೇ ಹರಡಿತೆಂದು ಹೇಳಲಾರೆ. ಆದರೆ ಹರಡಲು ನಾನು ದಾರಿ ಮಾಡಿಕೊಟ್ಟದ್ದು ನಿಜ.

ಎರಡೂ ವೈರಸ್‌ನಿಂದ ಬರುವ ರೋಗಗಳೇ. ನೆಗಡಿ ತರುವ ವೈರಸ್‌ಗಳಲ್ಲಿ ರೈನೊವೈರಸ್ ಮುಖ್ಯವಾದುದು; ಅದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆಯ ವಿರುದ್ಧ ದೇಹ ಗಳಿಸಿದ ರಕ್ಷಣೆ ಇನ್ನೊಂದಕ್ಕೆ ಸಾಲದು. ಮಕ್ಕಳಿಗೆ ಮತ್ತೆ ಮತ್ತೆ ನೆಗಡಿಯಾಗುವುದು ಅದಕ್ಕೇ. ಫ್ಲೂ ತರುವುದು ಇನ್‌ಫ್ಲುಯೆಂಜ ವೈರಸ್. 1918-19ರಲ್ಲಿ ಭಾರತವೊಂದರಲ್ಲೇ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದೂ, 2009ರಲ್ಲಿ 'ಹಂದಿಜ್ವರ'ದ ಹೆಸರಿನಲ್ಲಿ ಪುಣೆ, ಮುಂಬಯಿಗಳ ಶಾಲೆಗಳನ್ನು ಮುಚ್ಚಿಸಿದ್ದೂ ಈ ವೈರಸ್ಸೇ.

ವ್ಯತ್ಯಾಸ ತಿಳಿಯಲು ಮಗುವನ್ನು ನಾಲ್ಕು ಪ್ರಶ್ನೆ ಕೇಳಿ.

1. ಹೇಗೆ ಶುರುವಾಯಿತು? ನೆಗಡಿ ಒಂದೆರಡು ದಿನಗಳಲ್ಲಿ ನಿಧಾನವಾಗಿ ಏರುತ್ತದೆ. ಫ್ಲೂ ಹಾಗಲ್ಲ, ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ ಮಲಗಿರುತ್ತದೆ.

2. ಜ್ವರ ಇದೆಯೆ? ನೆಗಡಿಯಲ್ಲಿ ಇಲ್ಲ, ಅಥವಾ ಅಲ್ಪ. ಫ್ಲೂನಲ್ಲಿ ಸಾಮಾನ್ಯವಾಗಿ 101 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ಚಳಿಯೂ ಇರುತ್ತದೆ.

3. ಮೈಕೈ ನೋವಿದೆಯೆ? ಫ್ಲೂನಲ್ಲಿ ತಲೆನೋವು, ಮೈಕೈ ನೋವು, ಸುಸ್ತು ಹೆಚ್ಚು. ನೆಗಡಿಯಾದ ಮಗು ಆಟದ ಪೀರಿಯಡ್ಡಿಗೆ ಓಡುತ್ತದೆ!

4. ಮೂಗು ಹೇಗಿದೆ? ಸೀನು, ಸಿಂಬಳವೇ ಮುಂದಾಗಿದ್ದರೆ ನೆಗಡಿ. ಫ್ಲೂನಲ್ಲಿ ಒಣಕೆಮ್ಮು ಮುಂದು.

ಇದು ಅಂದಾಜು ಮಾತ್ರ. ಕೋವಿಡ್, ಡೆಂಗಿ ಕೂಡ ಹೀಗೆಯೇ ಆರಂಭವಾಗಬಹುದು. ಖಚಿತಪಡಿಸಲು ಪರೀಕ್ಷೆ ಬೇಕು. ಉಸಿರಾಟ ವೇಗವಾದರೆ, ಮಗು ನೀರು ಕುಡಿಯದಿದ್ದರೆ, ಮಂಕಾದರೆ, ಬಿಟ್ಟ ಜ್ವರ ಮರಳಿ ಬಂದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಆಂಟಿಬಯಾಟಿಕ್ ಮಾತ್ರೆಗೆ ವೈರಸ್ ಬಗ್ಗುವುದಿಲ್ಲ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಫ್ಲೂನಲ್ಲಿ ಅದು ಮಿದುಳು, ಯಕೃತ್ತುಗಳಿಗೆ ಅಪಾಯ ತರಬಹುದು.

ಫ್ಲೂ ಬಂದ ಮಗು ಲಕ್ಷಣ ಕಾಣುವ ಹಿಂದಿನ ದಿನದಿಂದ ಸುಮಾರು ಒಂದು ವಾರ ರೋಗ ಹರಡಬಲ್ಲದು. ಆದ್ದರಿಂದ ಮಾತ್ರೆಯ ನೆರವಿಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆಯುವವರೆಗಾದರೂ ಮಗು ಮನೆಯಲ್ಲಿರಲಿ.

'ಮನೆಯಲ್ಲಿ ನೋಡಿಕೊಳ್ಳುವವರು ಯಾರು? ತಾಯಿ ಕೂಲಿಗೆ ಹೋಗಬೇಕು, ಮಗುವಿಗೆ ಬಿಸಿಯೂಟ ತಪ್ಪುತ್ತದೆ' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಂಥ ಮಗು ಬಂದೇ ಬಂದರೆ ಕಿಟಕಿಯ ಬಳಿ, ಉಳಿದವರಿಂದ ದೂರ ಕೂರಿಸಿ, ಬಾಯಿ ಮುಚ್ಚಿ ಕೆಮ್ಮುವುದನ್ನು, ಸೋಪಿನಿಂದ ಕೈ ತೊಳೆಯುವುದನ್ನು ಕಲಿಸಿ, ಪೋಷಕರಿಗೆ ಹೇಳಿಕಳುಹಿಸಿ. ಆದರೆ ಬಹುಮಾನದ ಆಸೆ ತೋರಿಸಿ ಜ್ವರದ ಮಗುವನ್ನು ನಾವೇ ಕರೆಸಿಕೊಳ್ಳುವುದು ಬೇಡ. ಕಾಯಿಲೆಯ ರಜೆಯನ್ನು ಗೈರುಹಾಜರಿಯೆಂದು ಎಣಿಸದೆ ಹಾಜರಾತಿ ಬಹುಮಾನ ಕೊಡೋಣ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಪ್ರಸ್ತಾಪಿಸುವಿರಾ?

ಅಂದು ಆ ಹುಡುಗಿಗೆ ಬೇಕಿದ್ದುದು ಚಪ್ಪಾಳೆಯಲ್ಲ, ಹೊದೆಯಲು ಒಂದು ಕಂಬಳಿ.