ಓಡುವ ಹುಡುಗಿಯ ಮೌನ

ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ಬೇಸಿಗೆಯ ದಿನಗಳಲ್ಲಿ, ಜಿಲ್ಲಾ ಮಟ್ಟದ ಓಟದಲ್ಲಿ ಗೆದ್ದ ಹುಡುಗಿಯ ಮನೆಗೆ ದೂರದ ಕಾಲೇಜಿನವರು ಬರುವುದುಂಟು. ಯಲ್ಲಾಪುರದಿಂದ ಅಂಕೋಲೆಯ ಕಡೆಗೆ ಹೋಗುವ ದಾರಿಯ ಇಡಗುಂದಿಯಂಥ ಹಳ್ಳಿಯಲ್ಲಿ ಅದು ಇಡೀ ಕೇರಿಗೇ ಸುದ್ದಿ. ಪಿ.ಯು.ಸಿ.ಗೆ ಸೀಟು, ವಸತಿ, ಊಟ, ಎಲ್ಲವೂ ಉಚಿತವೆಂಬ ಮಾತು ಬರುತ್ತದೆ. ತಂದೆಗೆ ಖರ್ಚು ತಪ್ಪಿತೆಂಬ ಸಮಾಧಾನ. ಚಿಕ್ಕಪ್ಪನಿಗೆ ಮುಂದೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಸಿಕ್ಕೀತೆಂಬ ನೌಕರಿಯ ಕನಸು. ತಾಯಿಗೆ ವಯಸ್ಸಿಗೆ ಬಂದ ಮಗಳನ್ನು ಕಾಣದ ಊರಿಗೆ ಕಳುಹಿಸುವ ಭಯ. ಅಜ್ಜಿಗಂತೂ ಹೆಣ್ಣುಮಗಳು ಚಡ್ಡಿ ತೊಟ್ಟು ಓಡುವುದೇ ಸರಿಬಾರದು. ಹುಡುಗಿಯಾದರೋ ಬಾಗಿಲ ಮರೆಯಲ್ಲಿ ನಿಂತಿರುತ್ತಾಳೆ. ಎಲ್ಲರೆದುರು ಕೇಳಿದರೆ ತಲೆ ತಗ್ಗಿಸುತ್ತಾಳೆ. ಮೌನವೇ ಸಮ್ಮತಿಯೆಂದು ಬಂದವರು ತಿಳಿಯುತ್ತಾರೆ. ಅದೇ ಮೌನವನ್ನು ಮನಸ್ಸಿಲ್ಲವೆಂದು ತಾಯಿ ಅರ್ಥೈಸುತ್ತಾಳೆ. ಆಕೆಯ ಮನಸ್ಸಿನಲ್ಲಿ ನಿಜಕ್ಕೂ ಏನಿದೆಯೆಂಬುದನ್ನು ಅರಿತವರಾರು?

ಹೊರಗಿನವರು ಬಂದು ಮಕ್ಕಳ ಕಾಲಿನ ಶಕ್ತಿಯನ್ನು ಅಳೆಯುವುದು ಈ ಸೀಮೆಗೆ ಹೊಸತಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯನ್ನು ನೋಡುತ್ತಿದ್ದವರು ಮುಂದೆ ಇದೇ ಜಿಲ್ಲೆಯಿಂದ ಲೋಕಸಭೆಗೆ ಆರಿಸಿಹೋದ ಶ್ರೀಮತಿ ಮಾರ್ಗರೆಟ್ ಆಳ್ವ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಗಳಲ್ಲಿ ನಮ್ಮ ಕಥೋಲಿಕ ಕುಟುಂಬಗಳೂ ಇರುವುದರಿಂದ ಇದು ನಮ್ಮ ಮನೆಯ ಕಥೆಯೂ ಹೌದು. ಮಕ್ಕಳು ಓಡಿದರು, ಪದಕಗಳನ್ನೂ ತಂದರು. 1993ರಲ್ಲಿ ಯೋಜನೆ ನಿಂತುಹೋಯಿತು. ಕೆಲವರಿಗೆ ಕ್ರೀಡೆಯ ಬಲದಿಂದ ಸರಕಾರಿ ನೌಕರಿ ದೊರೆಯಿತು; ಉಳಿದವರು ಹಳ್ಳಿಗೆ ಮರಳಿ ಮತ್ತೆ ಕೂಲಿಗೆ ನಿಂತರು. ಆಫ್ರಿಕದ ಮೂಲದವರಾದ್ದರಿಂದ ಚೆನ್ನಾಗಿ ಓಡಿಯಾರೆಂಬ ಲೆಕ್ಕಾಚಾರದಿಂದ ಆರಂಭವಾದ ಕೆಲಸವದು. ಓಟ ಮುಗಿದ ಮೇಲೆ ಈ ಮಕ್ಕಳ ಗತಿಯೇನೆಂಬ ಲೆಕ್ಕವನ್ನು ಅಷ್ಟೇ ಆಸಕ್ತಿಯಿಂದ ಹಾಕಿದಂತೆ ಕಾಣುವುದಿಲ್ಲ.

ಹಾಗೆಂದು ಹುಡುಗಿಯರನ್ನು ಮನೆಯಲ್ಲೇ ಕೂರಿಸಬೇಕೆಂಬುದು ಈ ಬರಹದ ಅಭಿಪ್ರಾಯವಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಕ್ರೀಡಾಪಟುಗಳಿಗೆ ಉಚಿತ ಶಿಕ್ಷಣ ಕೊಟ್ಟು ಬೆಳೆಸುತ್ತಿರುವುದು ನಾಡಿಗೆ ಗೊತ್ತು. ಕುಂದಾಪುರದ ಕಡೆಯ ಸಿದ್ದಾಪುರದ ರೈತ ಕುಟುಂಬದ ಅಶ್ವಿನಿ ಅಕ್ಕುಂಜೆ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದರು. ಆದರೆ ಮರುವರ್ಷವೇ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಿಷೇಧಕ್ಕೊಳಗಾದರು. ತರಬೇತುದಾರರು ಒದಗಿಸಿದ ಪೂರಕ ಆಹಾರದಿಂದ ಹಾಗಾಯಿತೆಂದು ವಾದಿಸಿದರೂ ಶಿಕ್ಷೆ ತಪ್ಪಲಿಲ್ಲ. ಯಾರು ಏನನ್ನು ಕೊಟ್ಟರೂ ತಲೆಯಾಡಿಸಿ ಸ್ವೀಕರಿಸುವ ಸಂಕೋಚದ ಮಗುವಿಗೆ ಇಲ್ಲಿರುವ ಅಪಾಯವನ್ನು ಹೆತ್ತವರು ಊಹಿಸಬಲ್ಲರು.

ಆದ್ದರಿಂದ ಉಚಿತವೆಂಬ ಮಾತಿಗೇ ಮರುಳಾಗದೆ ಪಾಲಕರು ಧೈರ್ಯವಾಗಿ ಕೇಳತಕ್ಕ ಮಾತುಗಳಿವೆ. ಮೊಣಕಾಲಿಗೆ ಪೆಟ್ಟಾಗಿ ಓಡಲಾಗದಿದ್ದರೆ ಸೀಟು ಉಳಿಯುವುದೇ? ನಡುವೆ ಬಿಟ್ಟು ಬಂದರೆ ಶುಲ್ಕ ಕಟ್ಟಿಸಿಕೊಳ್ಳುತ್ತಾರೆಯೇ? ಕ್ರೀಡಾಕೂಟಗಳಿಂದ ತಪ್ಪಿದ ಪಾಠಗಳನ್ನು ಯಾರು ಹೇಳಿಕೊಡುತ್ತಾರೆ? ವಸತಿನಿಲಯದಲ್ಲಿ ಮಹಿಳಾ ಮೇಲ್ವಿಚಾರಕರಿದ್ದಾರೆಯೇ, ಪರವೂರಿನ ಕೂಟಗಳಿಗೆ ಅವರೂ ಜೊತೆಗೆ ಹೋಗುತ್ತಾರೆಯೇ? ಉತ್ತರಗಳು ಕಾಗದದ ಮೇಲಿರಲಿ. ಹದಿನೆಂಟು ತುಂಬದ ಮಕ್ಕಳ ರಕ್ಷಣೆಗೆ 2012ರ ಪೋಕ್ಸೊ ಕಾಯ್ದೆ ಇದೆ, 1098 ಸಹಾಯವಾಣಿಯಿದೆ. ಅದನ್ನು ಮಗಳಿಗೆ ಹೇಳಿಕೊಡುವುದು ನಾಚಿಕೆಯ ಸಂಗತಿಯಲ್ಲ.

ವ್ಯಾಟಿಕನ್ 2018ರ ಜೂನ್ 1ರಂದು ಕ್ರೀಡೆಯ ಕುರಿತೇ ಒಂದು ದಸ್ತಾವೇಜನ್ನು ಪ್ರಕಟಿಸಿತು. ಕ್ರೀಡಾಪಟುವಿನ ದೇಹವನ್ನು ಬರಿಯ ವಸ್ತುವಾಗಿ ಕಾಣುವುದನ್ನೂ, ಗೆಲುವಿಗಾಗಿ ಮಕ್ಕಳನ್ನು ಒತ್ತಾಯಿಸುವ ಹಿರಿಯರನ್ನೂ ಅದು ಎಚ್ಚರಿಸುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಅದನ್ನು ಓದಿದವರು ವಿರಳ. ಹಬ್ಬದ ದಿನ ನಿಂಬೆ-ಚಮಚದ ಓಟಕ್ಕೆ ಚಪ್ಪಾಳೆ ತಟ್ಟುವಲ್ಲಿಗೆ ನಮ್ಮ ಕ್ರೀಡಾಸೇವೆ ಮುಗಿಯುತ್ತದೆ.

ಸಂತ ಲೂಕನ ಶುಭಸಂದೇಶವನ್ನು ನಾವೆಲ್ಲ ಕೇಳಿದ್ದೇವೆ. ನಜರೇತಿನ ಹಳ್ಳಿಯ ಕನ್ನಿಕೆಯ ಬಳಿಗೆ ದೇವದೂತನೇ ಬಂದರೂ ಆಕೆ ಕೂಡಲೆ ತಲೆಯಾಡಿಸಲಿಲ್ಲ. ಕಳವಳಪಟ್ಟಳು, ಯೋಚಿಸಿದಳು, ಇದು ಹೇಗಾದೀತೆಂದು ತಿರುಗಿ ಪ್ರಶ್ನಿಸಿದಳು. ದೂತನು ಉತ್ತರ ಕೊಟ್ಟು ಆಕೆಯ ಮಾತಿಗಾಗಿ ಕಾದನು. ದೇವರೇ ಕಾದಿರುವಾಗ ಕಾಲೇಜಿನ ಪ್ರತಿನಿಧಿ ಒಂದು ವಾರ ಕಾಯಲಾರನೇ?

ಆ ಒಂದು ವಾರದಲ್ಲಿ ಧರ್ಮಭಗಿನಿಯೊಬ್ಬರೋ, ಆಕೆಗೆ ಸಲಿಗೆಯಿರುವ ಶಾಲೆಯ ಟೀಚರೊಬ್ಬರೋ ಹುಡುಗಿಯೊಡನೆ ಒಂಟಿಯಾಗಿ ಕುಳಿತು ಮಾತನಾಡಲಿ. ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದುಕೊಡಲಿ. ಸಾಧ್ಯವಾದರೆ ತಾಯಿ ಮಗಳಿಬ್ಬರೂ ಬಸ್ಸು ಹತ್ತಿ ಆ ವಸತಿನಿಲಯವನ್ನು ಕಂಡು, ಅಲ್ಲಿ ಈಗಾಗಲೇ ಇರುವ ಹಿರಿಯ ಹುಡುಗಿಯರನ್ನು ಮಾತನಾಡಿಸಿ ಬರಲಿ. ಬಡ ಕುಟುಂಬಕ್ಕೆ ಆ ಬಸ್ ಚಾರ್ಜೂ ಭಾರವೇ. ಅದನ್ನು ಧರ್ಮಕೇಂದ್ರದ ಯಾವುದಾದರೊಂದು ಸಂಘವು ವಹಿಸಿಕೊಳ್ಳಬಹುದು.